ಖೋ ಕೊಡೋದನ್ನ ಮರೆತ ಸಂಸ್ಥೆಗಳು

ಎರಡು ವರ್ಷದ ಹಿಂದಿನ ಮಾತು. ಶನಿವಾರ ಸಂಜೆ ಕಾಫಿಗೆ ಹಾಲು ಕಾಯೋಕೆ ಇಟ್ಟಿದ್ದೆ, ಅಕ್ಕನ ಮಗಳ ಫೋನು ಬಂತು. ಅವಳು ಫೋನ್ ಮಾಡೋದು ಸಾಮಾನ್ಯವಾಗಿ ಎರಡೇ ಕಾರಣಕ್ಕೆ. ಒಂದು ಮೊಬೈಲ್ ರೀಚಾರ್ಜು, ಇನ್ನೊಂದು ಹೊಸ ಶೂ. ಅವತ್ತು ಎರಡೂ ಅಲ್ಲ. ಮಾತೇ ಹೊರಡ್ತಿರಲಿಲ್ಲ.

"ಮಾಮ, ನಮ್ಮ ಜಿಲ್ಲೆ ಟೀಮ್ ಸ್ಟೇಟ್‌ಗೆ ಹೋಗ್ತಿಲ್ವಂತೆ."

"ಯಾಕಮ್ಮ, ಸೆಲೆಕ್ಷನ್ ಆಯ್ತು ಅಂದಿದ್ದೆ?"

"ಸೆಲೆಕ್ಷನ್ ಆಗಿದೆ. ಎಂಟ್ರಿನೇ ತಗೊಳ್ಳಲ್ಲ ಅಂತಿದಾರೆ. ನಮ್ಮ ಅಸೋಸಿಯೇಷನ್ನೋರು ಏನೋ ಫೀಸ್ ಕಟ್ಟಿಲ್ವಂತೆ."

ಅವಳು ಖೋ ಖೋ ಆಡ್ತಾಳೆ. ಐದನೇ ಕ್ಲಾಸಿನಿಂದ ಆಡ್ತಿದ್ದಾಳೆ. ಬೆಳಿಗ್ಗೆ ಐದೂವರೆಗೆ ಮೈದಾನ, ಆಮೇಲೆ ಕಾಲೇಜು, ಸಂಜೆ ಮತ್ತೆ ಮೈದಾನ. ಆ ವಯೋಮಿತಿಯಲ್ಲಿ ರಾಜ್ಯ ಮಟ್ಟಕ್ಕೆ ಆಡೋಕೆ ಅವಳಿಗೆ ಅದೇ ಕೊನೆಯ ವರ್ಷ. ಮುಂದಿನ ವರ್ಷ ಆಡ್ತೀನಿ ಬಿಡು ಅನ್ನೋ ಹಾಗಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಬಸ್ಸು ಹತ್ತಿ ಊರಿಗೆ ಹೋದೆ. ಏನೋ ಒಂದು ಫೀಸು ತಾನೇ, ಕಟ್ಟಿದ್ರಾಯ್ತು ಅಂದ್ಕೊಂಡಿದ್ದೆ.

ಒಂದು ಚೀಲದಲ್ಲಿದ್ದ ಸಂಸ್ಥೆ

ನಮ್ಮ ಜಿಲ್ಲಾ ಸಂಸ್ಥೆಗೆ ಒಂದು ಆಫೀಸು ಅಂತ ಇರಲಿಲ್ಲ. ಆಫೀಸು ಅಂದರೆ ಕಾರ್ಯದರ್ಶಿಗಳ ಚೀಲ. ಅವರು ನಿವೃತ್ತ ಪಿ.ಟಿ. ಮೇಷ್ಟ್ರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅವರೇ ಕಾರ್ಯದರ್ಶಿ. ರಸೀದಿ ಪುಸ್ತಕ, ಲೆಟರ್‌ಹೆಡ್ಡು, ಸೀಲು, ಆಟಗಾರರ ಜನ್ಮದಿನಾಂಕದ ದಾಖಲೆ, ಬ್ಯಾಂಕ್ ಪಾಸ್‌ಬುಕ್ಕು, ಎಲ್ಲಾ ಆ ಕಂದು ಬಣ್ಣದ ರೆಕ್ಸಿನ್ ಚೀಲದೊಳಗೆ. ಉಳಿದದ್ದು ಅವರ ತಲೆಯೊಳಗೆ.

ಆ ವರ್ಷ ಮೇಷ್ಟ್ರಿಗೆ ಹೃದಯದ ಆಪರೇಷನ್ ಆಗಿತ್ತು. ಮೂರು ತಿಂಗಳು ಮಗನ ಮನೆಯಲ್ಲಿ ಮೈಸೂರಲ್ಲಿದ್ದರು. ಆ ಮೂರು ತಿಂಗಳಲ್ಲೇ ರಾಜ್ಯ ಸಂಸ್ಥೆಗೆ ವಾರ್ಷಿಕ ಶುಲ್ಕ ಕಟ್ಟಿ ಸಂಯೋಜನೆ ನವೀಕರಿಸಬೇಕಿತ್ತು. ನೆನಪೋಲೆ ಬಂದಿತ್ತು, ಇಮೇಲಿಗೆ. ಆ ಇಮೇಲ್ ಮೇಷ್ಟ್ರ ಸ್ವಂತದ್ದು. ಪಾಸ್‌ವರ್ಡ್ ಮಗನಿಗೂ ಗೊತ್ತಿರಲಿಲ್ಲ. ಅಧ್ಯಕ್ಷರನ್ನ ಕೇಳಿದರೆ, "ನಂಗೇನ್ ಗೊತ್ತಪ್ಪ, ಬಹುಮಾನ ಕೊಡೋ ದಿವಸ ಕರೀತಾರೆ, ಹೋಗಿ ಹಾರ ಹಾಕಿಸ್ಕೊಂಡು ಬರ್ತೀನಿ" ಅಂದರು. ಸುಳ್ಳೇನೂ ಹೇಳಲಿಲ್ಲ. ಖಜಾಂಚಿಗೆ ತಾನು ಖಜಾಂಚಿ ಅನ್ನೋದು ನೆನಪಿತ್ತು, ಪಾಸ್‌ಬುಕ್ ನೋಡಿ ಎಷ್ಟು ವರ್ಷ ಆಯ್ತು ಅನ್ನೋದು ನೆನಪಿರಲಿಲ್ಲ.

ಕೊನೆಗೆ ಫೀಸು ಕಟ್ಟೋಕೂ ಆಗಲಿಲ್ಲ. ಗಡುವು ಮುಗಿದಿತ್ತು. ಜೊತೆಗೆ ಹಿಂದಿನ ವರ್ಷದ ಲೆಕ್ಕಪತ್ರ ಕೊಡಿ ಅಂದರು, ಅದನ್ನ ಯಾರೂ ಬರೆದೇ ಇರಲಿಲ್ಲ. ಹನ್ನೆರಡು ಹುಡುಗಿಯರು ಮನೆಯಲ್ಲಿ ಕೂತರು. ಅವರಲ್ಲಿ ಒಬ್ಬಳಿಗೂ ಸಂಯೋಜನೆ, ನವೀಕರಣ ಅನ್ನೋ ಪದಗಳ ಅರ್ಥ ಗೊತ್ತಿರಲಿಲ್ಲ.

ಇದರಲ್ಲಿ ಖಳನಾಯಕ ಯಾರು ಹೇಳಿ? ಬೆಳಿಗ್ಗೆ ಐದಕ್ಕೇ ಬಂದು ಸುಣ್ಣದ ಗೆರೆ ಹಾಕ್ತಿದ್ದ, ಹುಡುಗರ ಬಸ್ ಚಾರ್ಜನ್ನ ತನ್ನ ಪಿಂಚಣಿಯಿಂದ ಕೊಡ್ತಿದ್ದ ಮೇಷ್ಟ್ರಾ? ನನಗಂತೂ ಬೈಯೋಕೆ ಬಾಯಿ ಬರಲಿಲ್ಲ. ಆದರೂ ತಪ್ಪು ನಡೆದಿತ್ತು, ಅದರ ಬೆಲೆ ಕಟ್ಟಿದ್ದು ತಪ್ಪು ಮಾಡದೇ ಇದ್ದವರು.

ಕಾಯ್ದೆ ಕೇಳೋದು ತುಂಬಾ ಏನಿಲ್ಲ

ನಮ್ಮ ರಾಜ್ಯದ ಬಹುಪಾಲು ಜಿಲ್ಲಾ ಕ್ರೀಡಾ ಸಂಸ್ಥೆಗಳು ನೋಂದಣಿ ಆಗಿರೋದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ. ಮಹಿಳಾ ಸಮಾಜ, ಯುವಕ ಸಂಘ, ಅಪಾರ್ಟ್‌ಮೆಂಟ್ ನಿವಾಸಿಗಳ ಎಷ್ಟೋ ಸಂಘಗಳು ಇರೋದೂ ಇದೇ ಕಾಯ್ದೆಯಲ್ಲಿ. ಏಳು ಜನ ವಯಸ್ಕರು ಸೇರಿದರೆ ಒಂದು ಸಂಘ. ಒಂದು ಬೈಲಾ ಇರಬೇಕು. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಕರೆಯಬೇಕು. ಸಭೆ ಆದಮೇಲೆ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಸಲ್ಲಿಸಬೇಕು.

ಇಷ್ಟೇ. ಒಂದು ಸಭೆ, ಒಂದು ಪಟ್ಟಿ, ಒಂದು ಲೆಕ್ಕ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೀರಿನ ಟ್ಯಾಂಕರ್ ಬಿಲ್ಲಿಗೆ ಇದಕ್ಕಿಂತ ಹೆಚ್ಚು ಸಭೆ ಆಗ್ತವೆ.

ಹಾಗಿದ್ದೂ ಯಾಕೆ ಆಗಲ್ಲ? ನಾಲ್ಕೈದು ಕ್ರೀಡೆಗಳ ಜಿಲ್ಲಾ ಪದಾಧಿಕಾರಿಗಳ ಹತ್ತಿರ ಕೂತು ಮಾತಾಡಿದ ಮೇಲೆ ನನಗೆ ಅನ್ನಿಸಿದ್ದು ಇದು. ಈ ಸಂಸ್ಥೆಗಳಲ್ಲಿ ಇರೋವರೆಲ್ಲ ಆಟದ ಮೇಲಿನ ಪ್ರೀತಿಗೆ ಬಂದವರು. ಅವರಿಗೆ ಮೈದಾನದ ಕೆಲಸ ಕೆಲಸ, ಕಾಗದದ ಕೆಲಸ ಕಾಟ. ಟೂರ್ನಮೆಂಟ್ ನಡೆಸೋದು ಅಂದರೆ ಹತ್ತು ಜನ ಓಡಿ ಬರ್ತಾರೆ. ನಡಾವಳಿ ಪುಸ್ತಕ ಬರೆಯೋದು ಅಂದರೆ ಎಲ್ಲರಿಗೂ ಅವತ್ತೇ ಮದುವೆ ಇರುತ್ತೆ. ಕೊನೆಗೆ ಅದು ಒಬ್ಬರ ತಲೆಗೆ ಕಟ್ಟುತ್ತೆ. ಆ ಒಬ್ಬರು ಹತ್ತು ವರ್ಷ ಮಾಡಿದ ಮೇಲೆ ಅವರಿಲ್ಲದೆ ಸಂಸ್ಥೆ ನಡೆಯಲ್ಲ ಅನ್ನೋ ಸ್ಥಿತಿ ಬರುತ್ತೆ. ಹೊರಗಿನವರು ಅದನ್ನ ಹಿಡಿತ ಅಂತಾರೆ, ಒಳಗಿನವರು ತ್ಯಾಗ ಅಂತಾರೆ. ಎರಡೂ ನಿಜ ಇರಬಹುದು.

ಸಾಫ್ಟ್‌ವೇರ್‌ನಲ್ಲಿ ನಾವು ಇದಕ್ಕೆ ಬಸ್ ಫ್ಯಾಕ್ಟರ್ ಅಂತೀವಿ. ಟೀಮಿನ ಎಷ್ಟು ಜನ ನಾಳೆ ಕೆಲಸಕ್ಕೆ ಬರದೇ ಹೋದರೆ ಪ್ರಾಜೆಕ್ಟ್ ನಿಂತುಹೋಗುತ್ತೆ? ಉತ್ತರ ಒಂದು ಅಂತಾದರೆ ಪ್ರಾಜೆಕ್ಟ್ ಅಪಾಯದಲ್ಲಿದೆ ಅಂತ ಅರ್ಥ. ಆದರೆ ಖೋ ಖೋ ಗೊತ್ತಿದ್ದವರಿಗೆ ಈ ಇಂಗ್ಲಿಷ್ ಪದ ಬೇಡವೇ ಬೇಡ. ಸಾಂಪ್ರದಾಯಿಕ ಖೋ ಖೋದಲ್ಲಿ ಅಟ್ಟಿಸಿಕೊಂಡು ಹೋಗೋ ತಂಡದ ಒಂಬತ್ತು ಜನ ಕಣದಲ್ಲಿರ್ತಾರೆ. ಎಂಟು ಜನ ಕೂತಿರ್ತಾರೆ, ಒಬ್ಬರು ಓಡ್ತಿರ್ತಾರೆ. ಕೂತವರು ಎಷ್ಟೇ ಚುರುಕಾಗಿರಲಿ, ಹಿಂದಿನಿಂದ ಖೋ ಸಿಗೋವರೆಗೂ ಏಳೋ ಹಾಗಿಲ್ಲ. ಓಡೋನು ಖೋ ಕೊಡದೆ ತಾನೊಬ್ಬನೇ ಓಡ್ತಾ ಇದ್ದರೆ ಏನಾಗುತ್ತೆ? ಅವನಿಗೆ ಏದುಸಿರು, ಕೂತವರಿಗೆ ಮಂಡಿನೋವು, ಎದುರಿನವನು ಆರಾಮ.

ನಮ್ಮ ಮೇಷ್ಟ್ರು ಇಪ್ಪತ್ತು ವರ್ಷ ಖೋ ಕೊಡದೆ ಓಡಿದ್ದರು. ಕೊಡಿ ಅಂತ ನಾವ್ಯಾರೂ ಕೇಳಿರಲಿಲ್ಲ.

ಮೇಲಿನ ಮನೆಯಲ್ಲೂ ಇದೇ ಕಥೆ

ಇದು ಸಣ್ಣ ಊರಿನ ಸಣ್ಣ ಸಮಸ್ಯೆ ಅಂದ್ಕೊಂಡರೆ ತಪ್ಪು. ದೊಡ್ಡ ಮಟ್ಟದಲ್ಲಿ ಕಾರಣಗಳು ಬೇರೆ. ಅಲ್ಲಿ ಅಧಿಕಾರ, ಹಣ, ರಾಜಕೀಯ ಎಲ್ಲಾ ಇರುತ್ತೆ. ಆದರೆ ಬಿಲ್ಲು ಬರೋ ವಿಳಾಸ ಮಾತ್ರ ಒಂದೇ, ಆಟಗಾರರ ಮನೆ.

2022ನ್ನೇ ತಗೊಳ್ಳಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಪದಾಧಿಕಾರಿಗಳ ಅವಧಿ ಮುಗಿದು ಎಷ್ಟೋ ಕಾಲ ಆದರೂ ಚುನಾವಣೆ ನಡೆಯಲಿಲ್ಲ. ಸುಪ್ರೀಂ ಕೋರ್ಟ್ ಆಡಳಿತಗಾರರ ಸಮಿತಿ ನೇಮಿಸಿತು. ಹೊರಗಿನವರ ಹಸ್ತಕ್ಷೇಪ ಅಂತ ಫಿಫಾ ಆ ವರ್ಷದ ಆಗಸ್ಟ್‌ನಲ್ಲಿ ಭಾರತವನ್ನ ಅಮಾನತು ಮಾಡಿತು. ಅದೇ ಹೊತ್ತಿಗೆ ಗೋಕುಲಂ ಕೇರಳ ಕ್ಲಬ್ಬಿನ ಹುಡುಗಿಯರು ಏಷ್ಯಾ ಮಟ್ಟದ ಮಹಿಳಾ ಕ್ಲಬ್ ಚಾಂಪಿಯನ್‌ಶಿಪ್ ಆಡೋಕೆ ಉಜ್ಬೇಕಿಸ್ತಾನದ ತಾಷ್ಕೆಂಟಿಗೆ ಹೋಗಿ ಇಳಿದಿದ್ದರು. ಒಂದೂ ಪಂದ್ಯ ಆಡದೆ ವಾಪಸ್ ಬಂದರು. ಅಮಾನತು ಅದೇ ತಿಂಗಳ 26ಕ್ಕೆ ತೆರವಾಯಿತು. ಅವರ ಟೂರ್ನಮೆಂಟ್ ಮಾತ್ರ ವಾಪಸ್ ಬರಲಿಲ್ಲ.

ಮರುವರ್ಷ ಕುಸ್ತಿ. ಹೊತ್ತಿಗೆ ಸರಿಯಾಗಿ ಚುನಾವಣೆ ಮಾಡಲಿಲ್ಲ ಅಂತ ವಿಶ್ವ ಕುಸ್ತಿ ಸಂಸ್ಥೆ 2023ರ ಆಗಸ್ಟ್‌ನಲ್ಲಿ ಭಾರತೀಯ ಕುಸ್ತಿ ಫೆಡರೇಷನ್ ಅನ್ನ ಅಮಾನತಿನಲ್ಲಿಟ್ಟಿತು. ಮುಂದಿನ ತಿಂಗಳು ಬೆಲ್‌ಗ್ರೇಡ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಅಂತಿಮ್ ಪಂಘಾಲ್ 53 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ಆದರೆ ಅವರು ಅಲ್ಲಿ ಆಡಿದ್ದು ತಟಸ್ಥ ಆಟಗಾರ್ತಿಯಾಗಿ, ನಮ್ಮ ಬಾವುಟದಡಿ ಅಲ್ಲ.

ಕಬಡ್ಡಿ ಕಥೆ ಇನ್ನೂ ಉದ್ದ. ರಾಷ್ಟ್ರೀಯ ಫೆಡರೇಷನ್‌ನ ಪದಾಧಿಕಾರಿಗಳ ಆಯ್ಕೆಯನ್ನ ದೆಹಲಿ ಹೈಕೋರ್ಟ್ 2018ರಲ್ಲಿ ರದ್ದು ಮಾಡಿ ಆಡಳಿತಾಧಿಕಾರಿಯನ್ನ ಕೂರಿಸಿತು. ಆಮೇಲೆ ವರ್ಷಗಟ್ಟಲೆ ಎಳೆದಾಟ. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯ ಬಂದು, ಚುನಾಯಿತ ಸಮಿತಿಗೆ ಅಧಿಕಾರ ಬಿಟ್ಟುಕೊಡಿ ಅಂತ ಹೇಳಬೇಕಾಯಿತು. ಇಲ್ಲದಿದ್ದರೆ ಏಷ್ಯನ್ ಮಹಿಳಾ ಚಾಂಪಿಯನ್‌ಶಿಪ್‌ಗೆ ನಮ್ಮ ತಂಡ ಇರಾನಿಗೆ ಹೋಗೋದೇ ಅನುಮಾನ ಇತ್ತು. ಹೋದರು, ಗೆದ್ದೂ ಬಂದರು. ಒಂದು ಚಾಂಪಿಯನ್ ತಂಡಕ್ಕೆ ವಿಮಾನ ಹತ್ತೋಕೆ ಸುಪ್ರೀಂ ಕೋರ್ಟಿನ ಆದೇಶ ಬೇಕಾಗಿತ್ತು ಅನ್ನೋದನ್ನ ಒಂದು ನಿಮಿಷ ಯೋಚಿಸಿ.

ಮೂರೂ ಕಡೆ ಸೋತದ್ದು ಮೈದಾನದಲ್ಲಲ್ಲ. ನಮ್ಮೂರ ಹನ್ನೆರಡು ಹುಡುಗಿಯರಿಗೂ ಆಗಿದ್ದು ಅದೇ. ವ್ಯತ್ಯಾಸ ಏನಂದರೆ ಅವರ ಸುದ್ದಿ ಟಿ.ವಿ.ಯಲ್ಲಿ ಬರಲಿಲ್ಲ.

ಹೊಸ ಕಾನೂನು ಎಲ್ಲೀವರೆಗೆ?

2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಗೆ ಸಂಸತ್ತಿನ ಒಪ್ಪಿಗೆಯೂ ರಾಷ್ಟ್ರಪತಿಗಳ ಅಂಕಿತವೂ ಸಿಕ್ಕಿತು. ಒಳ್ಳೆಯ ಅಂಶಗಳಿವೆ. ಸಂಸ್ಥೆಗಳಿಗೆ ಮಾನ್ಯತೆ ಕೊಡೋಕೆ ಒಂದು ರಾಷ್ಟ್ರೀಯ ಕ್ರೀಡಾ ಮಂಡಳಿ, ಜಗಳ ತೀರಿಸೋಕೆ ಒಂದು ನ್ಯಾಯಮಂಡಳಿ, ಚುನಾವಣೆ ನೋಡಿಕೊಳ್ಳೋಕೆ ಒಂದು ಪ್ಯಾನೆಲ್. ರಾಷ್ಟ್ರೀಯ ಸಂಸ್ಥೆಯ ಕಾರ್ಯಕಾರಿ ಸಮಿತಿಯಲ್ಲಿ 15ಕ್ಕಿಂತ ಹೆಚ್ಚು ಜನ ಇರೋ ಹಾಗಿಲ್ಲ. ಅದರಲ್ಲಿ ಕನಿಷ್ಠ ಇಬ್ಬರು ಸಾಧನೆ ಮಾಡಿದ ಕ್ರೀಡಾಪಟುಗಳು, ಕನಿಷ್ಠ ನಾಲ್ವರು ಮಹಿಳೆಯರು ಇರಲೇಬೇಕು.

ಇದಕ್ಕೂ ಮುಂಚೆ 2011ರ ಕ್ರೀಡಾ ಸಂಹಿತೆ ಅಧಿಕಾರಾವಧಿಗೂ ವಯಸ್ಸಿಗೂ ಮಿತಿ ಹಾಕಿತ್ತು. ಕ್ರಿಕೆಟ್‌ನಲ್ಲಿ ಲೋಧಾ ಸಮಿತಿ 2016ರಲ್ಲಿ ಕೊಟ್ಟ ವರದಿಯಿಂದಾಗಿ 'ಕೂಲಿಂಗ್ ಆಫ್' ಅನ್ನೋ ಪದ ಮನೆಮಾತಾಯಿತು. ಇಷ್ಟು ವರ್ಷ ಕುರ್ಚಿಯಲ್ಲಿ ಕೂತ ಮೇಲೆ ಸ್ವಲ್ಪ ಕಾಲ ಎದ್ದು ಆಚೆ ನಿಂತ್ಕೊಳ್ಳಿ ಅನ್ನೋದು ಅದರ ಸಾರ. ಮುಂದೆ ಕೋರ್ಟು ಅದನ್ನ ಸಾಕಷ್ಟು ಸಡಿಲ ಮಾಡಿತು, ಆದರೂ ತತ್ವ ಉಳಿದಿದೆ.

ಆದರೆ ದೆಹಲಿಯ ಕಾನೂನು ನಮ್ಮೂರಿಗೆ ಬಂದು ನಡಾವಳಿ ಪುಸ್ತಕ ಬರೆಯಲ್ಲ. ಪಿರಮಿಡ್ಡಿನ ತುದಿಗೆ ಬಣ್ಣ ಹೊಡೆದಷ್ಟೂ ತಳದ ಕಲ್ಲು ಗಟ್ಟಿಯಾಗಲ್ಲ. ಆಟಗಾರರು ಬರೋದು ತಳದಿಂದ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೀತಲ್ಲ, ಭಾರತದ ಎರಡೂ ತಂಡ ಗೆದ್ದವು. ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಹಳ್ಳಿ ಮೈದಾನದಿಂದ ವಿಶ್ವಕಪ್ಪಿಗೆ ಹೋಗೋ ದಾರಿಯಲ್ಲಿ ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಮೆಟ್ಟಿಲುಗಳಿವೆ. ಜಿಲ್ಲೆಯ ಮೆಟ್ಟಿಲು ಮುರಿದಿದ್ದರೆ ಎಷ್ಟು ಜನ ಅಲ್ಲೇ ನಿಂತುಹೋದರು ಅನ್ನೋದು ನಮಗೆ ಗೊತ್ತೂ ಆಗಲ್ಲ. ಬಾರದೇ ಹೋದವರ ಪಟ್ಟಿಯನ್ನ ಯಾರೂ ಇಡಲ್ಲ ನೋಡಿ.

ನಾನು ಮಾಡಿದ ಎಡವಟ್ಟು

ಆ ಭಾನುವಾರ ಊರಿಂದ ವಾಪಸ್ ಬರುವಾಗ ಬಸ್ಸಿನಲ್ಲೇ ತೀರ್ಮಾನ ಮಾಡಿದೆ, ಇದನ್ನ ನಾನು ಸರಿ ಮಾಡ್ತೀನಿ ಅಂತ. ಐಟಿಯವನ ಹುಮ್ಮಸ್ಸು. ಎರಡೇ ವಾರದಲ್ಲಿ ಒಂದು ಗೂಗಲ್ ಶೀಟ್ ಮಾಡಿದೆ. ಆಟಗಾರರ ಪಟ್ಟಿ, ಜನ್ಮದಿನಾಂಕ, ಬಂದ ಹಣ, ಹೋದ ಹಣ, ಕಟ್ಟಬೇಕಾದ ಶುಲ್ಕ, ಕೊನೆ ದಿನಾಂಕ ಹತ್ತಿರ ಬಂದರೆ ಕೆಂಪು ಬಣ್ಣ. ಟೂರ್ನಮೆಂಟ್ ಎಂಟ್ರಿಗೆ ಒಂದು ಆನ್‌ಲೈನ್ ಫಾರ್ಮು. ಮೇಷ್ಟ್ರು ಅಷ್ಟು ಹೊತ್ತಿಗೆ ಚೇತರಿಸ್ಕೊಂಡು ಬಂದಿದ್ದರು. ಫೋನಿನಲ್ಲಿ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಚೆನ್ನಾಗಿದೆ ಕಣಪ್ಪ" ಅಂದರು. ನನಗೆ ಪದಕ ಸಿಕ್ಕಷ್ಟು ಖುಷಿ.

ನಾಲ್ಕು ತಿಂಗಳು ಚೆನ್ನಾಗಿ ನಡೀತು. ಐದನೇ ತಿಂಗಳು ನನ್ನ ಆಫೀಸಿನಲ್ಲಿ ದೊಡ್ಡ ರಿಲೀಸ್. ರಾತ್ರಿ ಎರಡರವರೆಗೆ ಕೆಲಸ. ಆ ಮೂರು ವಾರ ಊರಿನ ವಾಟ್ಸಾಪ್ ಗ್ರೂಪ್ ತೆರೆದೇ ನೋಡಲಿಲ್ಲ. ತಾಲ್ಲೂಕು ಟೂರ್ನಮೆಂಟಿನ ಫಾರ್ಮನ್ನ ಓಪನ್ ಮಾಡಬೇಕಿದ್ದದ್ದು ನಾನು. ಮಾಡಲಿಲ್ಲ. ಶೀಟಿನಲ್ಲಿ ತಿದ್ದೋ ಅನುಮತಿ ಇದ್ದದ್ದೂ ನನಗೊಬ್ಬನಿಗೇ. ಯಾರಾದರೂ ಕೆಡಿಸಿಬಿಟ್ಟಾರು ಅಂತ ಲಾಕ್ ಮಾಡಿಟ್ಟಿದ್ದೆ! ಮೂರು ಶಾಲೆಗಳ ತಂಡಗಳ ಹೆಸರು ಹೊತ್ತಿಗೆ ಸೇರಲಿಲ್ಲ. ಕೊನೆಗೆ ಮೇಷ್ಟ್ರೇ ಹಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಸುಧಾರಿಸಿದರು.

ಮುಂದಿನ ಸಲ ಊರಿಗೆ ಹೋದಾಗ ಮೇಷ್ಟ್ರು ಬೈಯಲಿಲ್ಲ. ಆ ರೆಕ್ಸಿನ್ ಚೀಲವನ್ನ ಮೇಜಿನ ಮೇಲಿಟ್ಟು, "ನಂದು ಚೀಲ. ನಿಂದು ಜೀಮೇಲು. ಅಷ್ಟೇ ತಾನೇ ವ್ಯತ್ಯಾಸ?" ಅಂತ ನಕ್ಕರು.

ಹೌದು. ನಾನು ಮಾಡಿದ್ದು ಅಷ್ಟೇ. ಒಬ್ಬರ ಚೀಲದಿಂದ ತೆಗೆದು ಇನ್ನೊಬ್ಬನ ಜೀಮೇಲಿಗೆ ಹಾಕಿದ್ದೆ. ಅವರು ಇಪ್ಪತ್ತು ವರ್ಷ ಓಡಿದ್ದರು, ನಾನು ನಾಲ್ಕು ತಿಂಗಳಿಗೇ ಸುಸ್ತಾಗಿದ್ದೆ. ಖೋ ಕೊಡೋದನ್ನ ಮಾತ್ರ ಇಬ್ಬರೂ ಮಾಡಿರಲಿಲ್ಲ.

ಆಮೇಲೆ ಬದಲಾದದ್ದು

ಆಮೇಲೆ ನಾವು ಮಾಡಿದ್ದರಲ್ಲಿ ಹೊಸ ತಂತ್ರಜ್ಞಾನ ಏನೂ ಇಲ್ಲ. ನಿಮ್ಮೂರಿನ ಯಾವುದೇ ಸಂಸ್ಥೆಗೆ ಉಪಯೋಗಕ್ಕೆ ಬರಬಹುದು ಅಂತ ಬರೀತಿದ್ದೀನಿ.

ಮೊದಲು ಸಂಸ್ಥೆಯ ಹೆಸರಿನಲ್ಲೇ ಒಂದು ಇಮೇಲ್ ಮಾಡಿದೆವು. ಪಾಸ್‌ವರ್ಡ್ ಮೂರು ಜನಕ್ಕೆ ಗೊತ್ತಿರುತ್ತೆ, ಒಂದು ಕಾಗದದಲ್ಲಿ ಬರೆದು ಮುಚ್ಚಿದ ಕವರಿನಲ್ಲಿ ಅಧ್ಯಕ್ಷರ ಮನೆಯ ಬೀರುವಿನಲ್ಲೂ ಇದೆ. ರಾಜ್ಯ ಸಂಸ್ಥೆಗೆ, ಬ್ಯಾಂಕಿಗೆ, ನೋಂದಣಾಧಿಕಾರಿ ಕಚೇರಿಗೆ ಈಗ ಅದೇ ವಿಳಾಸ. ಶೀಟಿನ ಬೀಗ ತೆಗೆದೆ. ಒಂದೆರಡು ಸಲ ಕೆಟ್ಟಿತು, ಸರಿ ಮಾಡ್ಕೊಂಡರು.

ಎರಡನೆಯದು ಕೆಲಸ ಹಂಚಿದ್ದು. ಮುಂಚೆ ಜಂಟಿ ಕಾರ್ಯದರ್ಶಿ ಅನ್ನೋದು ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಹಾಕೋಕೆ ಇದ್ದ ಹುದ್ದೆ. ಈಗ ಒಬ್ಬರಿಗೆ ನೋಂದಣಿ ಮತ್ತು ಸಂಯೋಜನೆ, ಇನ್ನೊಬ್ಬರಿಗೆ ಆಟಗಾರರ ದಾಖಲೆ, ಮತ್ತೊಬ್ಬರಿಗೆ ಟೂರ್ನಮೆಂಟು. ಪ್ರತಿ ಕೆಲಸಕ್ಕೂ ಅದನ್ನ ಕಲೀತಿರೋ ಇನ್ನೊಬ್ಬರು ಇರಲೇಬೇಕು. ದೊಡ್ಡವರು ಇಲ್ಲದಿದ್ದರೂ ಚಿಕ್ಕವರು ಮಾಡೋ ಹಾಗೆ.

ಮೂರನೆಯದು ಹಣ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ. ನೂರು ರೂಪಾಯಿ ಕೊಟ್ಟರೂ ರಸೀದಿ. ಪ್ರತಿ ಟೂರ್ನಮೆಂಟ್ ಆದ ಹದಿನೈದು ದಿನಕ್ಕೆ ಎಂಟ್ರಿ ಫೀಸ್ ಎಷ್ಟು ಬಂತು, ದಾನಿಗಳು ಎಷ್ಟು ಕೊಟ್ಟರು, ಊಟಕ್ಕೆಷ್ಟು, ಶಾಮಿಯಾನಕ್ಕೆಷ್ಟು, ಅಂಪೈರ್‌ಗಳಿಗೆಷ್ಟು ಅನ್ನೋದನ್ನ ಒಂದೇ ಹಾಳೆಯಲ್ಲಿ ಬರೆದು ಮೈದಾನದ ಗೋಡೆಗೆ ಅಂಟಿಸ್ತೀವಿ. ಫೋಟೋ ತೆಗೆದು ಗ್ರೂಪಿಗೂ ಹಾಕ್ತೀವಿ.

ನಾಲ್ಕನೆಯದು ವರ್ಷದ ಪಂಚಾಂಗ. ಯುಗಾದಿಗೆ ಹೊಸ ಪಂಚಾಂಗ ತರ್ತೀವಲ್ಲ, ಹಾಗೆ ವರ್ಷದ ಶುರುವಿಗೇ ಒಂದು ಹಾಳೆ. ಮಹಾಸಭೆ ಯಾವತ್ತು, ಲೆಕ್ಕ ಸಲ್ಲಿಸೋಕೆ ಕೊನೆ ದಿನ ಯಾವತ್ತು, ಶುಲ್ಕ ಯಾವತ್ತು, ಆಯ್ಕೆ ಪಂದ್ಯ ಯಾವತ್ತು. ಎಲ್ಲಾ ಸ್ಕೂಲಿನ ಪಿ.ಟಿ. ಮೇಷ್ಟ್ರಿಗೂ ಒಂದೊಂದು ಪ್ರತಿ. ನಾವು ಮರೆತರೆ ಅವರು ನೆನಪು ಮಾಡ್ತಾರೆ, ಯಾಕಂದರೆ ಅವರ ಮಕ್ಕಳ ಆಟ ಅದರ ಮೇಲಿದೆ.

ಐದನೆಯದು ಕಷ್ಟದ್ದು. ಬೈಲಾ ತಿದ್ದುಪಡಿ ಮಾಡಿ ಪದಾಧಿಕಾರಿಗಳ ಅವಧಿಗೆ ಮಿತಿ ಹಾಕಿದ್ದು, ಆಡಳಿತ ಮಂಡಳಿಯಲ್ಲಿ ಇಬ್ಬರು ಆಟಗಾರರಿಗೆ ಜಾಗ ಇಟ್ಟಿದ್ದು, ಅವರಲ್ಲಿ ಒಬ್ಬರು ಹೆಣ್ಣುಮಕ್ಕಳೇ ಆಗಿರಬೇಕು ಅಂದದ್ದು. ಆ ಸಭೆ ಮೂರೂವರೆ ಗಂಟೆ ನಡೀತು. ಬೋಂಡಾ ಎರಡು ಸಲ ತರಿಸಬೇಕಾಯಿತು.

"ಬಿಟ್ಟಿ ಕೆಲಸಕ್ಕೆ ಇಷ್ಟೆಲ್ಲಾ ರೂಲ್ಸಾ?"

ಆ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆ ಇದು. "ಸಂಬಳ ಇಲ್ಲ, ಸಾರಿಗೆ ಇಲ್ಲ. ಮನೇಲಿ ಹೆಂಡ್ತಿ ಹತ್ರ ಬೈಸ್ಕೊಂಡು ಬಂದು ಮಾಡ್ತೀವಿ. ಅದಕ್ಕೂ ನೀವು ಲೆಕ್ಕ ಕೇಳಿದ್ರೆ, ನಾಳೆಯಿಂದ ಯಾರಪ್ಪ ಬರ್ತಾರೆ?"

ಪ್ರಶ್ನೆ ಸುಲಭದ್ದಲ್ಲ. ಗೌರವ ಹುದ್ದೆಗಳ ಮೇಲೆ ನಿಯಮದ ಮೂಟೆ ಹೇರಿದರೆ ಪ್ರಾಮಾಣಿಕರೇ ಮೊದಲು ಬಿಟ್ಟು ಹೋಗ್ತಾರೆ. ಕಾಗದ ಸರಿ ಇಟ್ಟುಕೊಂಡೂ ಸಂಸ್ಥೆಯನ್ನ ಹಾಳು ಮಾಡೋ ಚಾಲಾಕಿಗಳೂ ಇದ್ದಾರೆ. ಮಾಜಿ ಆಟಗಾರರನ್ನ ಕೂರಿಸಿದ ಮಾತ್ರಕ್ಕೆ ಎಲ್ಲಾ ಸರಿಹೋಗುತ್ತೆ ಅಂತಲೂ ಇಲ್ಲ. ಚೆನ್ನಾಗಿ ಆಡೋದು ಬೇರೆ, ಚೆನ್ನಾಗಿ ನಡೆಸೋದು ಬೇರೆ. ಅದನ್ನೂ ಕಲಿಸಬೇಕು, ಕಲಿಯೋಕೆ ಸಮಯ ಕೊಡಬೇಕು.

ನಾನು ಉತ್ತರ ಹುಡುಕ್ತಿರುವಾಗಲೇ ನಮ್ಮ ಮೇಷ್ಟ್ರು ಎದ್ದರು. ನಿಧಾನವಾಗಿ ಹೇಳಿದರು, "ನಾನು ಆಸ್ಪತ್ರೆಲಿದ್ದಾಗ ಊರಲ್ಲಿ ಏನ್ ಮಾತಾಡಿದ್ರು ಅಂತ ನಂಗೊತ್ತು. ಮೇಷ್ಟ್ರು ಜೆರ್ಸಿ ದುಡ್ಡು ತಿಂದ್ರು, ಅದಕ್ಕೇ ಫೀಸ್ ಕಟ್ಟಿಲ್ಲ ಅಂದ್ರು. ಇಲ್ಲ ಅಂತ ತೋರ್ಸೋಕೆ ನನ್ನ ಹತ್ರ ಒಂದು ಹಾಳೆನೂ ಇರ್ಲಿಲ್ಲ."

ಸಭೆ ಸುಮ್ಮನಾಯಿತು. ಆ ಮಾತು ನಾನೂ ಕೇಳಿದ್ದೆ. ನಿಜ ಹೇಳಬೇಕಂದರೆ, ಅರೆಗಳಿಗೆ ನಂಬಿಯೂ ಇದ್ದೆ. ಆಮೇಲೆ ನನ್ನ ಸ್ನೇಹಿತನೊಬ್ಬ, ಸಿ.ಎ. ಮಾಡಿದವನು, ಚೀಲದಲ್ಲಿದ್ದ ಚೀಟಿಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಎರಡು ಭಾನುವಾರ ಕೂತು ಲೆಕ್ಕ ಜೋಡಿಸಿದ. ಸಂಸ್ಥೆಯ ದುಡ್ಡು ಮೇಷ್ಟ್ರ ಹತ್ತಿರ ಇರಲಿಲ್ಲ. ಮೇಷ್ಟ್ರ ದುಡ್ಡೇ ಸಂಸ್ಥೆಯಲ್ಲಿತ್ತು. ವರ್ಷಗಟ್ಟಲೆ ಕೈಯಿಂದ ಹಾಕಿದ್ದನ್ನ ಅವರು ಎಲ್ಲೂ ಬರೆದಿರಲಿಲ್ಲ, ಅಷ್ಟೇ. ವಾಪಸ್ ಕೊಡ್ತೀವಿ ಅಂದರೆ ಈಗಲೂ ತಗೊಳ್ಳೋಕೆ ಒಪ್ಪಿಲ್ಲ.

ಲೆಕ್ಕ ಬರೆಯೋದು ಕಳ್ಳರನ್ನ ಹಿಡಿಯೋಕೆ ಅಂತ ನಾವೆಲ್ಲ ತಿಳ್ಕೊಂಡಿದ್ದೀವಿ. ಕಳ್ಳರಲ್ಲದವರನ್ನ ಕಾಪಾಡೋದೂ ಅದೇ. ಅವತ್ತಿನ ನಂತರ ಆ ಹಿರಿಯರು ರೂಲ್ಸಿನ ಬಗ್ಗೆ ಮಾತಾಡಲಿಲ್ಲ. ಈಗ ಶಾಮಿಯಾನದ ಬಿಲ್ಲನ್ನ ಜೇಬಿನಲ್ಲಿ ಮಡಚಿಟ್ಟುಕೊಂಡು ಬಂದು ಮೊದಲು ಕೊಡೋದೇ ಅವರು.

ಒಂದು ಭಾನುವಾರ

ಇದನ್ನ ಓದ್ತಿರೋ ನಿಮ್ಮಲ್ಲಿ ತುಂಬಾ ಜನ ನನ್ನ ಹಾಗೇ ಊರು ಬಿಟ್ಟು ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದವರು. ಶಾಲೆಯಲ್ಲಿ ವಾಲಿಬಾಲೋ ಕಬಡ್ಡಿಯೋ ಆಡಿದವರು. ಊರಿನ ಸಂಸ್ಥೆಗೆ ಟೀ ಶರ್ಟ್ ಕೊಡಿಸಿ, ಕಪ್ ಕೊಡಿಸಿ ಅಂದರೆ ಕೊಡಿಸ್ತೀವಿ, ಫೋಟೋನೂ ಹಾಕ್ಕೊತೀವಿ. ಕಪ್ಪು ಹೆಚ್ಚಾಗೇ ಇದಾವೆ, ಬಿಡಿ. ಅದರ ಬದಲು ಒಂದು ಭಾನುವಾರ ಕೊಡಿ. ಕೊನೆಯ ಮಹಾಸಭೆ ಯಾವಾಗ ಆಯ್ತು ಅಂತ ಕೇಳಿ. ಅನುಮಾನದಿಂದ ಕೇಳಬೇಡಿ, ಸಹಾಯಕ್ಕೆ ಬಂದವರ ಹಾಗೆ ಕೇಳಿ. ಲೆಕ್ಕ ಬರೆಯೋಕೆ ಕೂತುಕೊಳ್ಳಿ. ಊರಲ್ಲೇ ಇರೋ ಒಬ್ಬ ಹುಡುಗನಿಗೋ ಹುಡುಗಿಗೋ ಕಲಿಸಿ. ಕಲಿಸಿದ ಮೇಲೆ ಬಿಟ್ಟುಕೊಡಿ. ಈ ಕೊನೆಯದು ನನಗೆ ಕಷ್ಟ ಆಯಿತು, ನಿಮಗೂ ಆಗಬಹುದು.

ಅಕ್ಕನ ಮಗಳಿಗೆ ಆ ವರ್ಷ ವಾಪಸ್ ಸಿಗಲಿಲ್ಲ. ಆ ವಿಷಯ ಎತ್ತಿದರೆ ಈಗಲೂ ಮುಖ ಆಚೆ ತಿರುಗಿಸ್ತಾಳೆ. ಈಗ ಡಿಗ್ರಿಯಲ್ಲಿದ್ದಾಳೆ, ಕಾಲೇಜಿಗೆ ಆಡ್ತಾಳೆ. ಹದಿನೆಂಟು ತುಂಬಿದ ಮೇಲೆ ಸಂಸ್ಥೆಯ ಸದಸ್ಯೆ ಆದಳು. ಈ ಸಲದ ಮಹಾಸಭೆಯಲ್ಲಿ ಆಟಗಾರರ ಪ್ರತಿನಿಧಿಯಾಗಿ ಆಡಳಿತ ಮಂಡಳಿಗೂ ಬಂದಳು. ನಾನು ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ.

ಮೊದಲ ಸಭೆ. ದೊಡ್ಡವರೆಲ್ಲ ಮಾತಾಡಿ ಮುಗಿಸಿದ ಮೇಲೆ ಅವಳು ಕೈ ಎತ್ತಿದಳು.

"ಸರ್, ಮುಂದಿನ ವರ್ಷದ ಫೀಸ್ ಕಟ್ಟೋಕೆ ಕೊನೆ ದಿನ ಯಾವತ್ತು?"

ಅಭ್ಯಾಸಬಲ. ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಏನೂ ಹೇಳಲಿಲ್ಲ. ಪಕ್ಕದಲ್ಲಿದ್ದ ಜಂಟಿ ಕಾರ್ಯದರ್ಶಿ ಹುಡುಗ ಫೈಲು ತೆರೆದು ದಿನಾಂಕ ಓದಿದ. ಅವಳು ನಡಾವಳಿ ಪುಸ್ತಕದಲ್ಲಿ ಬರ್ಕೊಂಡಳು.